ಪಾಟೀಲರಿಗೆ ಬಹಿರಂಗ ಪತ್ರ: ಚಾವಡಿ ಮುಚ್ಚಿದ ಮೇಲೂ ಉಳಿದ ಬಾಕಿ

ಪಾಟೀಲ ಎಂಬ ಅಡ್ಡಹೆಸರು ಹೊತ್ತು ವಿಧಾನಸಭೆ, ವಿಧಾನ ಪರಿಷತ್ತು, ಸಚಿವ ಸಂಪುಟ, ನ್ಯಾಯಪೀಠ ಮತ್ತು ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡುತ್ತಿರುವ ಮಾನ್ಯರಿಗೆ ಹುಬ್ಬಳ್ಳಿ-ಧಾರವಾಡದಿಂದ ಶರಣು.

2023ರ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆಯ ಫಲಿತಾಂಶ ಬಂದಾಗ ಗೆದ್ದವರ ಪಟ್ಟಿಯಲ್ಲಿ ತಮ್ಮ ಹೆಸರು ಹದಿನೈದಕ್ಕೂ ಹೆಚ್ಚು ಸಲ ಇತ್ತು. ಗದಗದಲ್ಲಿ ಎಚ್.ಕೆ. ಪಾಟೀಲ, ಪಕ್ಕದ ನರಗುಂದದಲ್ಲಿ ಸಿ.ಸಿ. ಪಾಟೀಲ, ಧಾರವಾಡ ಜಿಲ್ಲೆಯದೇ ಆದ ಕುಂದಗೋಳದಲ್ಲಿ ಎಂ.ಆರ್. ಪಾಟೀಲ, ಕಿತ್ತೂರಿನಲ್ಲಿ ಬಾಬಾಸಾಹೇಬ ಪಾಟೀಲ, ಬೆಳಗಾವಿ ದಕ್ಷಿಣದಲ್ಲಿ ಅಭಯ ಪಾಟೀಲ, ಬೀಳಗಿಯಲ್ಲಿ ಜೆ.ಟಿ. ಪಾಟೀಲ. ವಿಜಯಪುರ ಜಿಲ್ಲೆಯಲ್ಲಿರುವ ಕ್ಷೇತ್ರಗಳು ಎಂಟು, ಅದರಲ್ಲಿ ಐದು ಪಾಟೀಲರ ಪಾಲಾದವು: ಬಬಲೇಶ್ವರದ ಎಂ.ಬಿ., ಬಸವನಬಾಗೇವಾಡಿಯ ಶಿವಾನಂದ, ಇಂಡಿಯ ಯಶವಂತರಾಯಗೌಡ, ದೇವರಹಿಪ್ಪರಗಿಯ ರಾಜುಗೌಡ, ವಿಜಯಪುರ ನಗರದ ಬಸನಗೌಡ. ಕಲಬುರಗಿ ಕಡೆ ಹೋದರೆ ಆಳಂದದ ಬಿ.ಆರ್., ಅಫಜಲಪುರದ ಎಂ.ವೈ., ಸೇಡಂನ ಶರಣಪ್ರಕಾಶ, ಕಲಬುರಗಿ ದಕ್ಷಿಣದ ಅಲ್ಲಮಪ್ರಭು. ಅದೇ ತಿಂಗಳು ರಚನೆಯಾದ ಸಂಪುಟದಲ್ಲಿ ನಾಲ್ವರು ಪಾಟೀಲರು ಪ್ರಮಾಣ ವಚನ ಸ್ವೀಕರಿಸಿದರು: ಕಾನೂನಿಗೆ ಒಬ್ಬರು, ಬೃಹತ್ ಕೈಗಾರಿಕೆಗೆ ಒಬ್ಬರು, ಜವಳಿ-ಸಕ್ಕರೆಗೆ ಒಬ್ಬರು, ವೈದ್ಯಕೀಯ ಶಿಕ್ಷಣಕ್ಕೆ ಒಬ್ಬರು. ಇವರೆಲ್ಲರ ಮೇಲೆ ಕಣ್ಣಿಡಬೇಕಾದ ಲೋಕಾಯುಕ್ತರ ಕುರ್ಚಿಯಲ್ಲಿ 2022ರ ಜೂನ್‌ನಿಂದಲೇ ನ್ಯಾಯಮೂರ್ತಿ ಬಿ.ಎಸ್. ಪಾಟೀಲರು ಕುಳಿತಿದ್ದರು.

ಹೊರಗಿನವರು ಈ ಪಟ್ಟಿ ನೋಡಿದರೆ ಒಂದೇ ಮನೆತನ ರಾಜ್ಯ ಆಳುತ್ತಿದೆ ಎಂದುಕೊಳ್ಳಬಹುದು. ಹಾಗಲ್ಲ ಎಂಬುದು ಈ ಭಾಗದ ಶಾಲೆಯ ಹುಡುಗನಿಗೂ ಗೊತ್ತು. ಇವರಲ್ಲಿ ಕಾಂಗ್ರೆಸ್ಸಿನವರಿದ್ದಾರೆ, ಬಿಜೆಪಿಯವರಿದ್ದಾರೆ, ಜೆಡಿಎಸ್‌ನವರೂ ಇದ್ದಾರೆ. ವಿಜಯಪುರದ ಪಾಟೀಲರು ಒಬ್ಬರ ಮೇಲೊಬ್ಬರು ಮಾಡುವ ಟೀಕೆ ಪತ್ರಿಕೆಗಳಿಗೆ ಹಲವು ವರ್ಷಗಳಿಂದ ಸುದ್ದಿ. ದಕ್ಷಿಣ ಕೊರಿಯಾದಲ್ಲಿ ಐವರಲ್ಲಿ ಒಬ್ಬರ ಹೆಸರು ಕಿಮ್. ಅಲ್ಲಿ 1993ರಲ್ಲಿ ಅಧ್ಯಕ್ಷರಾದ ಕಿಮ್ ಯಂಗ್ ಸ್ಯಾಮ್ ಮತ್ತು 1998ರಲ್ಲಿ ಅವರ ನಂತರ ಬಂದ ಕಿಮ್ ಡೇ ಜಂಗ್ ದಶಕಗಳ ರಾಜಕೀಯ ಎದುರಾಳಿಗಳು, ಬಂಧುಗಳಲ್ಲ. ಪಾಟೀಲರ ಕಥೆಯೂ ಅಂಥದೇ.

ಹೆಸರು ಒಂದೇ ಆದ್ದರಿಂದ ಜನ ತಮ್ಮನ್ನು ಗುರುತಿಸುವ ಬೇರೆ ದಾರಿ ಕಂಡುಕೊಂಡಿದ್ದಾರೆ. ಇಂಗ್ಲಿಷ್ ಇನಿಷಿಯಲ್ಲುಗಳೇ ಅರ್ಧ ಹೆಸರಾಗಿವೆ, ಅವು ಸಾಲದಾದಾಗ ಊರ ಹೆಸರು ಬಾಲವಾಗಿ ಸೇರುತ್ತದೆ: ಯತ್ನಾಳ, ಹುಮನಾಬಾದ, ತುನ್ನೂರ, ಬಯ್ಯಾಪುರ. ಶಿವರಾಜ ಪಾಟೀಲ ಎಂದರೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ನಿವೃತ್ತರಾಗಿ 2011ರಲ್ಲಿ ಕೆಲವೇ ವಾರ ಲೋಕಾಯುಕ್ತರಾಗಿದ್ದವರೂ ಹೌದು, ರಾಯಚೂರು ನಗರದ ಶಾಸಕರೂ ಹೌದು. ಅದೇ ಹೆಸರಿನ ಮೂರನೆಯವರು ಲಾತೂರಿನಿಂದ ಬಂದು ಲೋಕಸಭೆಯ ಸ್ಪೀಕರ್, ಕೇಂದ್ರ ಗೃಹ ಸಚಿವರಾದರು. ಒಂದೇ ಹೆಸರಿನ ಅಭ್ಯರ್ಥಿಗಳಿಂದ ಮತದಾರರಿಗೆ ಗೊಂದಲ ಆಗಬಾರದೆಂದು 2015ರಿಂದ ಮತಯಂತ್ರದ ಮೇಲೆ ಅಭ್ಯರ್ಥಿಯ ಫೋಟೊ ಅಂಟಿಸುವ ಪದ್ಧತಿಯನ್ನು ಚುನಾವಣಾ ಆಯೋಗ ತಂದಿತು. ಆ ಸೌಲಭ್ಯದ ಬೆಲೆ ಉತ್ತರ ಕರ್ನಾಟಕದವರಿಗೆ ಚೆನ್ನಾಗಿ ಗೊತ್ತು.

ರಕ್ತಸಂಬಂಧವಿಲ್ಲದ ಇಷ್ಟು ಜನರಿಗೆ ಒಂದೇ ಹೆಸರು ಬಂದದ್ದು ಕೆಲಸದಿಂದ. ಊರಿನ ಕಂದಾಯ ವಸೂಲು ಮಾಡುವವನು, ಕಳ್ಳತನ ಕೊಲೆ ನಡೆದರೆ ಸರ್ಕಾರಕ್ಕೆ ವರದಿ ಕೊಡುವವನು, ಚಾವಡಿಯಲ್ಲಿ ಕುಳಿತು ವ್ಯಾಜ್ಯ ಕೇಳುವವನು ಪಾಟೀಲ. ಕನ್ನಡದಲ್ಲಿ ಅವನೇ ಗೌಡ. ನಿಜಾಮರ ಸೀಮೆಯಲ್ಲಿ ಈ ಕೆಲಸ ಎರಡಾಗಿ ಒಡೆದು ಕಂದಾಯಕ್ಕೆ ಮಾಲಿಪಾಟೀಲ, ಕಾನೂನು-ಸುವ್ಯವಸ್ಥೆಗೆ ಪೊಲೀಸ್ ಪಾಟೀಲ ಎಂದಾಯಿತು. ಆ ಎರಡೂ ಇವತ್ತು ಅಡ್ಡಹೆಸರುಗಳೇ. ಲೆಕ್ಕ ಬರೆದವನು ಕುಲಕರ್ಣಿ, ಹಲವು ಊರುಗಳ ಮೇಲಿನವನು ನಾಡಗೌಡ, ದೇಸಾಯಿ, ದೇಶಪಾಂಡೆ. ಸನದು ಪಡೆದು ಜಮೀನು ಉಂಡವನು ಸನದಿ, ಇನಾಮು ಪಡೆದವನು ಇನಾಮದಾರ. 2023ರಲ್ಲಿ ಧಾರವಾಡದಿಂದ ಗೆದ್ದವರು ವಿನಯ ಕುಲಕರ್ಣಿ, ಮುದ್ದೇಬಿಹಾಳದಿಂದ ಸಿ.ಎಸ್. ನಾಡಗೌಡ, ಹಳಿಯಾಳದಿಂದ ಆರ್.ವಿ. ದೇಶಪಾಂಡೆ. ಹಿಂದೆ ಧಾರವಾಡ ದಕ್ಷಿಣದಿಂದ ಲೋಕಸಭೆಗೆ ಹೋದವರು ಪ್ರೊ. ಐ.ಜಿ. ಸನದಿ. ಮುಂಬೈ ಕರ್ನಾಟಕದ ಹಳೆಯ ಆಡಳಿತದ ಪೂರ್ತಿ ಸಿಬ್ಬಂದಿ ಪಟ್ಟಿಯನ್ನು ಇವತ್ತಿನ ಜನಪ್ರತಿನಿಧಿಗಳ ಹೆಸರಿನಿಂದಲೇ ಬರೆಯಬಹುದು.

ಕೆಲಸದ ಹೆಸರಾದ್ದರಿಂದ ಜಾತಿಯ ಬೇಲಿ ಅದಕ್ಕಿರಲಿಲ್ಲ. ಲಿಂಗಾಯತ ಪಾಟೀಲರಿದ್ದಾರೆ, ಜೈನ ಪಾಟೀಲರಿದ್ದಾರೆ, ಮರಾಠ, ಮುಸ್ಲಿಂ ಪಾಟೀಲರಿದ್ದಾರೆ. ವಿನಯ ಕುಲಕರ್ಣಿಯವರು ಲಿಂಗಾಯತ ನಾಯಕರು. ಬೆಂಗಳೂರು, ಮೈಸೂರು ಕಡೆಯವರಿಗೆ ಇದು ಆಶ್ಚರ್ಯ, ಧಾರವಾಡದವರಿಗೆ ಅಲ್ಲ. ಟಿಕೆಟ್ ಹಂಚುವ ದಿನಗಳಲ್ಲಿ ಹೆಸರು ನೋಡಿ ಜಾತಿ ಎಣಿಸುವ ಬೆಂಗಳೂರಿನ ಟಿವಿ ಚರ್ಚೆಗಳು ಮುಗ್ಗರಿಸುವುದು ಇಲ್ಲಿಯೇ.

ಹುದ್ದೆ ವಂಶದಲ್ಲಿ ಇಳಿದು ಬರುತ್ತಿತ್ತು, ಅದರ ಜತೆಗೆ ಆ ಕೆಲಸಕ್ಕೆಂದು ಬಿಟ್ಟ ವತನ ಜಮೀನು. ಬ್ರಿಟಿಷರು 1874ರಲ್ಲಿ ಮುಂಬೈ ಪ್ರಾಂತಕ್ಕೆ ಅದಕ್ಕೊಂದು ಕಾಯ್ದೆಯನ್ನೇ ಮಾಡಿ ಯಾವ ಮನೆಯವರು ವತನದಾರರು, ಯಾರು ಕೆಲಸ ಮಾಡಬೇಕು ಎಂಬುದನ್ನು ದಫ್ತರದಲ್ಲಿ ಬರೆಸಿದರು. ಸ್ವಾತಂತ್ರ್ಯ ಬಂದ ಮೇಲೆ ಕುಲಕರ್ಣಿ ವತನ 1950ರ ಮುಂಬೈ ಕಾಯ್ದೆಯಲ್ಲಿ ರದ್ದಾಯಿತು. ಏಕೀಕರಣದ ನಂತರ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು 1963ರ ಫೆಬ್ರವರಿ 1ರಿಂದ ಜಾರಿಯಾಯಿತು. ಅಂದಿನಿಂದ ಗೌಡಕಿ ಕಾನೂನಿನಲ್ಲಿ ಇಲ್ಲ. ವತನ ಜಮೀನು ಸರ್ಕಾರಕ್ಕೆ ಬಂದು, ಬಹುಪಾಲು ಹಿಂದಿನ ಹಿಡುವಳಿದಾರರಿಗೇ ಪುನರ್‌ಮಂಜೂರಾಯಿತು. ಚಾವಡಿಯಲ್ಲಿ ಸಂಬಳದ ತಲಾಟಿ ಬಂದು ಕುಳಿತ. ಪಕ್ಕದ ಮಹಾರಾಷ್ಟ್ರ ಕಂದಾಯ ಪಾಟೀಲರನ್ನು ತೆಗೆದರೂ ಪೊಲೀಸ್ ಪಾಟೀಲರನ್ನು ಉಳಿಸಿಕೊಂಡಿತು. ಕರ್ನಾಟಕ ಆ ದಾರಿ ಹಿಡಿಯಲಿಲ್ಲ. ಇಲ್ಲಿ ಹುದ್ದೆ ಹೋಯಿತು, ಹೆಸರು ಉಳಿಯಿತು.

ಹೆಸರಿನ ಜತೆ ಮರ್ಯಾದೆಯೂ ಉಳಿಯಿತು. "ಬರ್ರೀ ಗೌಡ್ರ" ಎಂದು ಕುರ್ಚಿ ಬಿಟ್ಟುಕೊಡುವ ರೂಢಿ ಹಳ್ಳಿಯ ಚಹಾದ ಅಂಗಡಿಯಿಂದ ತಹಶೀಲ್ದಾರ್ ಕಚೇರಿಯವರೆಗೆ ಇವತ್ತೂ ಇದೆ. ಆ ಮರ್ಯಾದೆಯಿಂದ ಒಳ್ಳೆಯ ಕೆಲಸ ನಡೆದದ್ದನ್ನು ಈ ಪತ್ರ ಮರೆಯುವುದಿಲ್ಲ. ಸರ್ಕಾರ 1904ರಲ್ಲಿ ಸಹಕಾರ ಕಾಯ್ದೆ ತಂದ ಮರುವರ್ಷವೇ ಆಗಿನ ಧಾರವಾಡ ಜಿಲ್ಲೆ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಭಾರತದ ಸಹಕಾರ ಚಳವಳಿಯ ಚರಿತ್ರೆಯ ಮೊದಲ ಪುಟಗಳಲ್ಲೇ ಆ ಊರಿನ ಹೆಸರಿದೆ. ಆ ಕಾಲದ ಒಕ್ಕಲಿಗನಿಗೆ ಬೀಜಕ್ಕೆ, ಎತ್ತಿಗೆ, ಮದುವೆಗೆ ಸಾಲ ಕೊಡುತ್ತಿದ್ದವನು ಸಾಹುಕಾರ. ಬಡ್ಡಿ ಬೆಳೆದು ಹೊಲವನ್ನೇ ನುಂಗುತ್ತಿತ್ತು. ಊರ ಗೌಡನೇ ಮುಂದೆ ನಿಂತು, ಎಲ್ಲರ ಹಣ ಒಂದೆಡೆ ಸೇರಿಸಿ, ಕಡಿಮೆ ಬಡ್ಡಿಗೆ ಎಲ್ಲರಿಗೂ ಸಾಲ ಸಿಗುವಂತೆ ಮಾಡಿದ. ಸಹಕಾರ ಸಂಘದ ನಿಯಮ ಒಬ್ಬ ಸದಸ್ಯನಿಗೆ ಒಂದೇ ಮತ. ವತನದಾರನಿಗೂ ಒಂದೇ, ಎರಡೆಕರೆಯವನಿಗೂ ಒಂದೇ. ವಂಶದಿಂದ ಬಂದ ಅಧಿಕಾರ ಇದ್ದ ಕಾಲದಲ್ಲೇ ಒಬ್ಬ ಪಾಟೀಲ ಆ ನಿಯಮಕ್ಕೆ ತಲೆಬಾಗಿದ್ದು ಸಣ್ಣ ಮಾತಲ್ಲ.

ಕಣಗಿನಹಾಳದಿಂದ ಹುಲಕೋಟಿ ದೂರವೇನಲ್ಲ. ಅಲ್ಲಿಯ ಕೆ.ಎಚ್. ಪಾಟೀಲರು ಅದೇ ಸಹಕಾರದ ದಾರಿಯಲ್ಲಿ ನೂಲಿನ ಗಿರಣಿಯವರೆಗೆ ಹೋದರು, ಸಚಿವರಾದರು, ಕೆಪಿಸಿಸಿ ಅಧ್ಯಕ್ಷರಾದರು. ಜನ ಅವರನ್ನು ಹುಲಕೋಟಿಯ ಹುಲಿ ಎಂದರು. ಮಗ ಎಚ್.ಕೆ. ಪಾಟೀಲರು 1984ರಿಂದ 2008ರವರೆಗೆ ಪಶ್ಚಿಮ ಪದವೀಧರರ ಕ್ಷೇತ್ರದಿಂದ ಪರಿಷತ್ತಿನಲ್ಲಿದ್ದರು. ಆ ಕ್ಷೇತ್ರದ ಮತದಾರರಲ್ಲಿ ಹುಬ್ಬಳ್ಳಿ-ಧಾರವಾಡದ ಶಿಕ್ಷಕರು, ವಕೀಲರು, ಕಚೇರಿ ನೌಕರರು ಬಹಳ. ಅದೇ ಮತದಾರರು 2008ರಲ್ಲಿ ಅವರನ್ನು ಸೋಲಿಸಿದರು. ಆಮೇಲೆ 2013ರಲ್ಲಿ ಗದಗ ಅವರನ್ನು ವಿಧಾನಸಭೆಗೆ ಕಳಿಸಿತು. ಕಾನೂನಿನಲ್ಲಿ ಗೌಡಕಿ ಇದ್ದಾಗ ಪಾಟೀಲ ಸೋಲುವ ಮಾತೇ ಇರಲಿಲ್ಲ, ಮತಪೆಟ್ಟಿಗೆ ಬಂದ ಮೇಲೆ ಸೋತು ಮತ್ತೆ ಗೆಲ್ಲುವುದು ಸಾಧ್ಯವಾಯಿತು.

ಚಿಂಚೋಳಿಯ ವೀರೇಂದ್ರ ಪಾಟೀಲರ ಬದುಕಿನಲ್ಲಿ ಆ ಏರಿಳಿತ ಇನ್ನೂ ದೊಡ್ಡದು. ಮೊದಲು 1968ರಿಂದ 1971ರವರೆಗೆ ಮುಖ್ಯಮಂತ್ರಿ. 1978ರಲ್ಲಿ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತು ಸೋಲು. 1989ರಲ್ಲಿ ಅವರದೇ ನಾಯಕತ್ವದಲ್ಲಿ ಕಾಂಗ್ರೆಸ್ಸಿಗೆ 224ರಲ್ಲಿ 178 ಸ್ಥಾನ. ವರ್ಷ ತುಂಬುವುದರೊಳಗೆ, ಅನಾರೋಗ್ಯದಲ್ಲಿ ಇರುವಾಗಲೇ, ದೆಹಲಿಯ ಒಂದು ಮಾತಿಗೆ ಆ ಕುರ್ಚಿ ಹೋಯಿತು. ಆ ದಿನ ಉತ್ತರ ಕರ್ನಾಟಕಕ್ಕೆ ಆದ ನೋವು ಇನ್ನೂ ಪೂರ್ತಿ ಆರಿಲ್ಲ.

ಹುಬ್ಬಳ್ಳಿ-ಧಾರವಾಡಕ್ಕೆ ತೀರ ಹತ್ತಿರದ ಪಾಟೀಲರಿಬ್ಬರು ಶಾಸಕರಾದವರಲ್ಲ. ಒಬ್ಬರು ಪಾಟೀಲ ಪುಟ್ಟಪ್ಪ. ಹಾವೇರಿ ಕಡೆಯ ಕುರಬಗೊಂಡದಿಂದ ಬಂದು ಹುಬ್ಬಳ್ಳಿಯಲ್ಲಿ 'ಪ್ರಪಂಚ' ವಾರಪತ್ರಿಕೆ, 'ವಿಶ್ವವಾಣಿ' ದೈನಿಕ ನಡೆಸಿದರು. ಎರಡು ಅವಧಿ ರಾಜ್ಯಸಭೆಯಲ್ಲಿದ್ದರು, ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾದರು, 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ದಶಕಗಳ ಕಾಲ ಮುನ್ನಡೆಸಿದರು. ಇನ್ನೊಬ್ಬರು ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಹೇಳುತ್ತ 'ಸಂಕ್ರಮಣ' ನಡೆಸಿದರು, ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡರು, ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದರು, ಮುಂದೆ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರೂ ಆದರು. ನಾಡು ಇವರಿಬ್ಬರನ್ನೂ ಗೌಡ್ರೇ ಎನ್ನಲಿಲ್ಲ. ಪಾಪು, ಚಂಪಾ ಎಂದು ಮನೆಯವರನ್ನು ಕರೆದಂತೆ ಕರೆಯಿತು. ಸರ್ಕಾರಕ್ಕೆ ಬಯ್ಯಬೇಕಾದಾಗ ಇಬ್ಬರೂ ಮುಲಾಜಿಲ್ಲದೆ ಬಯ್ದರು. ಈಗ ಇಬ್ಬರೂ ಇಲ್ಲ, ಪಾಪು 2020ರಲ್ಲಿ, ಚಂಪಾ 2022ರಲ್ಲಿ ಹೋದರು. ಅವರ ಜಾಗ ಧಾರವಾಡದಲ್ಲಿ ಖಾಲಿಯಾಗಿಯೇ ಇದೆ.

ಇಷ್ಟು ಹೇಳಿದ್ದು ಹೊಗಳಿಕೆಗಲ್ಲ. ಇಷ್ಟು ದೂರ ಬಂದ ಹೆಸರಿನ ಮೇಲೆ ಎರಡು ಹಳೆಯ ಬಾಕಿಗಳಿವೆ. ಅವುಗಳನ್ನು ತೀರಿಸಲು ತಮಗಿಂತ ಯೋಗ್ಯರು ಯಾರೂ ಇಲ್ಲ ಎಂಬ ನಂಬಿಕೆಯಿಂದ ಈ ಪತ್ರ.

ಮೊದಲನೆಯದು ಹೆಣ್ಣುಮಕ್ಕಳದು. ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು. 2023ರಲ್ಲಿ ಗೆದ್ದ ಪಾಟೀಲರೆಲ್ಲ ಗಂಡಸರು. ಆ ಚುನಾವಣೆಯಲ್ಲಿ ರಾಜ್ಯದಲ್ಲಿ ಗೆದ್ದ ಮಹಿಳೆಯರೇ ಹತ್ತು, ಅವರಲ್ಲಿ ಪಾಟೀಲ ಹೆಸರಿನವರು ಒಬ್ಬರೂ ಇಲ್ಲ. ಧಾರವಾಡ ಜಿಲ್ಲೆಯ ಏಳೂ ಕ್ಷೇತ್ರಗಳಲ್ಲಿ ಗೆದ್ದವರು ಗಂಡಸರೇ. ಕುಂದಗೋಳದಲ್ಲಿ 2019ರ ಉಪಚುನಾವಣೆ ಗೆದ್ದಿದ್ದ ಕುಸುಮಾವತಿ ಶಿವಳ್ಳಿಯವರೂ ಆ ಸಲ ಸೋತರು. ಸೋಲು-ಗೆಲುವು ಮತದಾರರ ತೀರ್ಮಾನ, ಅದರ ಬಗ್ಗೆ ದೂರಿಲ್ಲ. ಆದರೆ ಪಾಟೀಲ ಮನೆತನಗಳಲ್ಲಿ ಟಿಕೆಟ್ ತಂದೆಯಿಂದ ಮಗನಿಗೆ ಇಳಿದ ಉದಾಹರಣೆಗಳು ಎದುರಿಗೇ ಇವೆ. ಕೆ.ಎಚ್. ನಂತರ ಎಚ್.ಕೆ. ಇದ್ದಾರೆ. ಬಿ.ಎಂ. ಪಾಟೀಲರು ತೀರಿಕೊಂಡ ಮೇಲೆ 1991ರ ಉಪಚುನಾವಣೆಯಲ್ಲಿ ಮಗ ಎಂ.ಬಿ. ಪಾಟೀಲರು ವಿಧಾನಸಭೆಗೆ ಬಂದರು. ಈ ಇಬ್ಬರು ಮಕ್ಕಳೂ ಸಮರ್ಥರೆಂಬುದನ್ನು ಅವರ ಕೆಲಸ ತೋರಿಸಿದೆ. ಮಗಳಿಗೆ ಹೀಗೆ ಇಳಿದ ಉದಾಹರಣೆ ಹುಡುಕಲು ಹೊರಟರೆ ಸಿಗುವುದು ಕಷ್ಟ.

ಇದಕ್ಕೆ ಹಳೆಯ ಕಾರಣವೊಂದಿದೆ, ಅದು ಬರೆದಿಟ್ಟ ಕಾನೂನು. ಮುಂಬೈ ಪ್ರಾಂತದ 1886ರ ಐದನೇ ಕಾಯ್ದೆಯ ಪ್ರಕಾರ ವತನದಾರ ಮನೆತನದಲ್ಲಿ ಗಂಡು ವಾರಸುದಾರರು ಇರುವವರೆಗೆ ಹೆಣ್ಣುಮಕ್ಕಳ ಸರದಿ ಬರುವಂತಿರಲಿಲ್ಲ. ಕೊನೆಯ ವತನದಾರನ ವಿಧವೆಗೆ ಮಾತ್ರ ವಿನಾಯಿತಿ. ಉಳಿದ ಹೆಣ್ಣುಮಕ್ಕಳು, ಹಿರಿಯ ಮಗಳೇ ಆಗಿರಲಿ, ದೂರದ ದಾಯಾದಿ ಗಂಡಸಿಗಿಂತ ಹಿಂದೆ. ಧಾರವಾಡ, ಬೆಳಗಾವಿ, ವಿಜಯಪುರದ ಪಾಟೀಲ ಮನೆಗಳು ಈ ನಿಯಮದಲ್ಲಿ ಮೂರು ತಲೆಮಾರು ಬದುಕಿದವು. ಕಿತ್ತೂರಿನ ದೇಸಗತಿಯನ್ನು ಉಳಿಸಲು ಚೆನ್ನಮ್ಮ ಕತ್ತಿ ಹಿಡಿದದ್ದು 1824ರಲ್ಲಿ. ಅದೇ ಸೀಮೆಯ ಗೌಡರ ಹೆಣ್ಣುಮಕ್ಕಳನ್ನು ಅರವತ್ತೆರಡು ವರ್ಷಗಳ ಮೇಲೆ ಸರ್ಕಾರ ವಾರಸಿನ ಸಾಲಿನ ಹಿಂದಕ್ಕೆ ಕಳಿಸಿತು.

ಆ ಕಾಯ್ದೆಯ ಕಾಲ ಮುಗಿದು ಹೋಗಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ಕೇಂದ್ರ ತಂದದ್ದು 2005ರಲ್ಲಿ. ಪಂಚಾಯಿತಿಗಳಲ್ಲಿ 1987ರ ಹೊತ್ತಿಗೇ ಶೇ 25 ಮೀಸಲಾತಿ ಇತ್ತು, 2010ರಲ್ಲಿ ಅದು ಶೇ 50 ಆಯಿತು. ಗ್ರಾಮ ಪಂಚಾಯಿತಿಯಲ್ಲಿ ಪಾಟೀಲ ಹೆಸರಿನ ಹೆಣ್ಣುಮಕ್ಕಳು ಈಗ ಹೊಸಬರಲ್ಲ. ಅಧ್ಯಕ್ಷೆಯ ಸಹಿ ಇರುತ್ತದೆ, ಸಭೆಯಲ್ಲಿ ಮಾತಾಡುವವನು ಅವಳ ಗಂಡನೋ ಮೈದುನನೋ ಆಗಿರುತ್ತಾನೆ ಎಂಬ ದೂರೂ ಎಲ್ಲರಿಗೂ ಪರಿಚಿತ. ವಿಧಾನಸಭೆ, ಲೋಕಸಭೆಗಳಲ್ಲಿ ಮೂರನೇ ಒಂದು ಭಾಗ ಸ್ಥಾನ ಕೊಡುವ ತಿದ್ದುಪಡಿಯನ್ನು ಸಂಸತ್ತು 2023ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು, ಜಾರಿಯನ್ನು ಜನಗಣತಿ ಮತ್ತು ಕ್ಷೇತ್ರ ವಿಂಗಡಣೆಗೆ ಕಟ್ಟಿತು. ಆ ಮೀಸಲಾತಿ ಬರುವವರೆಗೆ ತಾವು ಕಾಯಬೇಕಾಗಿಲ್ಲ. ಈ ಹೆಸರಿನ ಒಬ್ಬ ಹೆಣ್ಣುಮಗಳು, ಪ್ರತಿಭಾ ಪಾಟೀಲ, 2007ರಿಂದ 2012ರವರೆಗೆ ರಾಷ್ಟ್ರಪತಿ ಭವನದಲ್ಲಿದ್ದರು. ಬೆಂಗಳೂರಿನ ವಿಧಾನಸೌಧ ಅದಕ್ಕಿಂತ ಎತ್ತರದ್ದಲ್ಲ. ಪ್ರತಿ ಪಕ್ಷದಲ್ಲಿಯೂ ಟಿಕೆಟ್ ಕೊಡಿಸುವ ಶಕ್ತಿ ಇರುವ ಪಾಟೀಲರಿದ್ದಾರೆ. ಮುಂದಿನ ಪಟ್ಟಿ ತಯಾರಾಗುವಾಗ ಆ ಶಕ್ತಿ ಯಾರ ಪರ ಬಳಕೆಯಾಗುತ್ತದೆ ಎಂಬುದನ್ನು ಈ ಊರಿನ ಹೆಣ್ಣುಮಕ್ಕಳು ನೋಡುತ್ತಿರುತ್ತಾರೆ. ಆ ಹೆಣ್ಣುಮಕ್ಕಳೆಲ್ಲ ತಮ್ಮ ಮನೆಯವರೇ ಆಗಬೇಕೆಂದೂ ಇಲ್ಲ.

ಎರಡನೆಯ ಬಾಕಿಯ ಬಗ್ಗೆ ಮಾತಾಡುವವರೇ ಕಡಿಮೆ. ಚಾವಡಿಯಲ್ಲಿ ಪಾಟೀಲ ಒಬ್ಬನೇ ಇರಲಿಲ್ಲ. ಊರು ಕಾಯಲು ತಳವಾರ, ಕರೆ ಕಳಿಸಲು ವಾಲೀಕಾರ, ಕೆರೆಯ ನೀರು ಹಾಯಿಸಲು ನೀರಗಂಟಿ, ಡಂಗುರ ಸಾರಲು, ಸರ್ಕಾರಿ ಟಪಾಲು ಹೊರಲು ಇನ್ನೂ ಕೆಲವರು. ಅವರದೂ ವಂಶಪಾರಂಪರ್ಯದ ಕೆಲಸವೇ, ಅವರಿಗೂ ತುಂಡು ಜಮೀನು ಇತ್ತು. ಅವರಲ್ಲಿ ಬಹಳಷ್ಟು ಜನ ದಲಿತರು, ಹಿಂದುಳಿದವರು. ಅವರ ಕೆಲಸವೂ ಅಡ್ಡಹೆಸರಾಗಿ ಮಕ್ಕಳ ಶಾಲಾ ದಾಖಲೆಗೆ ಬಂತು. ಪಾಟೀಲ ಎಂಬ ಹೆಸರು ಕಚೇರಿಯಲ್ಲಿ ಕುರ್ಚಿ ಕೊಡಿಸಿದರೆ ಈ ಹೆಸರುಗಳು ಎಷ್ಟೋ ಕಡೆ ಬಾಗಿಲಲ್ಲೇ ನಿಲ್ಲಿಸಿದವು.

1963ರಲ್ಲಿ ಪಾಟೀಲನಿಂದ ತಳವಾರನವರೆಗೆ ಎಲ್ಲರ ಹುದ್ದೆಯೂ ಒಂದೇ ದಿನ ಹೋಯಿತು. ಮುಂದೆ ಆದದ್ದು ಬೇರೆ. ಲೆಕ್ಕದ ಕೆಲಸಕ್ಕೆ ಬಂದ ತಲಾಟಿಗೆ ಸಂಬಳ, ಬಡ್ತಿ, ನಿವೃತ್ತಿ ಸೌಲಭ್ಯ ಎಲ್ಲ ಇದ್ದವು. ತಳವಾರ, ವಾಲೀಕಾರರ ಕೆಲಸವನ್ನು ಮುಂದುವರಿಸಿದ ಗ್ರಾಮ ಸಹಾಯಕರಿಗೆ ಸಿಕ್ಕದ್ದು ಗೌರವಧನ. ಬೆಳೆ ಸಮೀಕ್ಷೆಗೆ ದಾರಿ ತೋರಿಸುವವರು, ನೋಟಿಸು ಮುಟ್ಟಿಸುವವರು, ಪ್ರವಾಹ ಬಂದ ರಾತ್ರಿ ಮನೆ ಮನೆಗೆ ಹೋಗಿ ಎಬ್ಬಿಸುವವರು, ಮತಗಟ್ಟೆಯ ಬಾಗಿಲು ತೆರೆಯುವವರು ಅವರೇ. ತಮ್ಮನ್ನು ಡಿ ದರ್ಜೆಯ ನೌಕರರನ್ನಾಗಿ ಮಾಡಿ ಎಂದು ಅವರು ಬೆಂಗಳೂರಿಗೆ ಹೋಗಿ ಧರಣಿ ಕುಳಿತದ್ದು ಒಂದು ಸಲವಲ್ಲ. ಸರ್ಕಾರಗಳು ಗೌರವಧನ ಸ್ವಲ್ಪ ಏರಿಸಿ ಕಳಿಸಿದವು.

ಕಂದಾಯ ಖಾತೆ 2023ರಲ್ಲಿ ಕೃಷ್ಣ ಬೈರೇಗೌಡರಿಗೆ ಹೋಯಿತು ನಿಜ. ಆದರೆ ಸಂಪುಟ ಸಭೆಯಲ್ಲಿ ವಿಷಯ ಎತ್ತಲು ಖಾತೆಯೇ ಬೇಕೆಂದಿಲ್ಲ. ಕಾನೂನು ಖಾತೆ ಆಗ ಹುಲಕೋಟಿಯ ಮನೆತನದವರ ಕೈಗೆ ಬಂತು. ಸೇವಾ ನಿಯಮದ ತೊಡಕು ಏನಿದ್ದರೂ ಅದನ್ನು ಬಿಡಿಸಿ ಹೇಳಬಲ್ಲವರು ಅವರೇ. ವಿರೋಧ ಪಕ್ಷದ ಸಾಲಿನಲ್ಲಿ ನರಗುಂದ, ಕುಂದಗೋಳ, ಕುಷ್ಟಗಿ, ರಾಯಚೂರಿನ ಪಾಟೀಲರಿದ್ದಾರೆ. ಬೆಳಗಾವಿಯ ಸುವರ್ಣಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಎರಡೂ ಕಡೆಯ ಪಾಟೀಲರು ಒಂದೇ ದಿನ ಒಂದೇ ಪ್ರಶ್ನೆ ಕೇಳಿದರೆ ಯಾವ ಸರ್ಕಾರವೂ ಉತ್ತರ ತಪ್ಪಿಸಿಕೊಳ್ಳಲಾಗದು. ಮಹದಾಯಿ ನದಿ ನೀರಿನ ವಿಷಯದಲ್ಲಿ ಪಕ್ಷಕ್ಕೊಂದು ಮಾತು ಬರುವುದನ್ನು ಹುಬ್ಬಳ್ಳಿ-ಧಾರವಾಡ ಬಹಳ ವರ್ಷ ನೋಡಿದೆ. ಗ್ರಾಮ ಸಹಾಯಕರ ವಿಷಯದಲ್ಲಿ ಅಂಥ ಗಡಿ, ನ್ಯಾಯಮಂಡಳಿ, ಪಕ್ಕದ ರಾಜ್ಯ ಏನೂ ಅಡ್ಡ ಇಲ್ಲ.

ಅಧಿಕಾರಿಗಳಾದ ಪಾಟೀಲರಿಗೂ ಒಂದು ಮಾತು. ತಹಶೀಲ್ದಾರ್, ಉಪವಿಭಾಗಾಧಿಕಾರಿಗಳ ಕಚೇರಿಗಳಲ್ಲಿ ಕೆಳಹಂತದ ವತನದಾರರ ಜಮೀನಿನ ಪುನರ್‌ಮಂಜೂರಾತಿ ಮತ್ತು ಪರಭಾರೆಯ ಕಡತಗಳು ಮೊಮ್ಮಕ್ಕಳ ಕಾಲಕ್ಕೂ ಮುಗಿಯದೆ ಉಳಿದಿರುತ್ತವೆ. ವಿಚಾರಣೆಗೆ ಬಂದ ಮುದುಕನಿಗೆ ಯಾವ ಕಾಗದ ಬೇಕು, ಅದು ಯಾವ ದಫ್ತರದಲ್ಲಿದೆ ಎಂದು ಹೇಳುವವರಿಲ್ಲ. ಆ ಹಳೆಯ ಕಾಗದಗಳಲ್ಲಿ ಕೆಲವು ಸರ್ಕಾರಿ ಕಪಾಟಿನಲ್ಲಿಯೂ ಇಲ್ಲ, ಗೌಡರ ವಾಡೆಯ ಮಾಳಿಗೆಯ ಗಂಟುಗಳಲ್ಲಿವೆ. ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನ ಸಂಸ್ಥೆ ಇದೆ, ರಾಜ್ಯಕ್ಕೆ ಪತ್ರಾಗಾರ ಇಲಾಖೆ ಇದೆ. ಮನೆಯಲ್ಲಿ ಅಂಥ ಗಂಟು ಇರುವ ಪಾಟೀಲರು ಅದನ್ನು ಇವರ ಕೈಗೆ ಒಪ್ಪಿಸಿದರೆ ಇತಿಹಾಸ ಬರೆಯುವವರಿಗೂ ಅನುಕೂಲ, ತಳವಾರನ ಮೊಮ್ಮಗನಿಗೂ ತನ್ನ ಅಜ್ಜನ ಹೊಲದ ಸರ್ವೆ ನಂಬರು ಸಿಗುತ್ತದೆ.

ಉತ್ತರವನ್ನು ಪತ್ರದಲ್ಲಿ ಬರೆಯಬೇಕಾಗಿಲ್ಲ. ಮುಂದಿನ ಬೆಳಗಾವಿ ಅಧಿವೇಶನದ ಪ್ರಶ್ನೋತ್ತರ ಪಟ್ಟಿಯಲ್ಲಿ ಗ್ರಾಮ ಸಹಾಯಕರ ಹೆಸರು, ಮುಂದಿನ ಅಭ್ಯರ್ಥಿಗಳ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಕಂಡರೆ ಪತ್ರ ಮುಟ್ಟಿತೆಂದು ಇಲ್ಲಿಯವರು ತಿಳಿಯುತ್ತಾರೆ.

ಇಂತಿ,
ಹುಬ್ಬಳ್ಳಿ-ಧಾರವಾಡದ ಒಬ್ಬ ಮತದಾರ